ಊರಿನವರ ಗ್ಯಾರೇಜಿನಲ್ಲಿ ಬದಲಾದ ಬಂಪರ್

ಮಿತ್ರರೇ, ವಾಗ್ಳೆ ಎಸ್ಟೇಟ್ ಕೈಗಾರಿಕಾ ಪ್ರದೇಶದ ಗ್ಯಾರೇಜೊಂದರಲ್ಲಿ ನನ್ನ ಕಾರಿನ ಬಂಪರನ್ನು ನನಗೆ ಹೇಳದೆಯೇ ಬೇರೆಯವರ ಕಾರಿಗೆ ಹಾಕಿದ್ದಾರೆ. ಇಂದು ಬೆಳಿಗ್ಗೆ ಗೊತ್ತಾಯಿತು. ಬಂಪರ್ ಗಟ್ಟಿಯಾಗಿಯೇ ಇತ್ತು, ಬರೀ ತರಚಿತ್ತು. ಹೊಸದು ಕೊಳ್ಳುವ ಶಕ್ತಿಯಿಲ್ಲದೆ ಬಣ್ಣ ಹೊಡೆಸಲು ಬಿಟ್ಟಿದ್ದೆ. ಮಾಲೀಕರು ನಮ್ಮ ಊರಿನ ಕಡೆಯವರು, ಇಲ್ಲಿಯ ಕನ್ನಡ ಸಂಘದ ಕಾರ್ಯದರ್ಶಿ. ಹಾಗಾಗಿ ರಸೀದಿಯನ್ನೂ ಕೇಳಿರಲಿಲ್ಲ.

ಕಾರು ತರಲು ಹೋದಾಗ ಬಂಪರಿನ ಅಂಚಿನಲ್ಲಿ ಬಿಳಿ ಬಣ್ಣದಡಿಯಿಂದ ಕೆಂಪು ಇಣುಕುತ್ತಿತ್ತು. ನನ್ನ ಕಾರು ಎಂದೂ ಕೆಂಪಾಗಿರಲಿಲ್ಲ. ಮುಟ್ಟಿದರೆ ಒಂದು ಬದಿ ಅಲುಗಾಡಿತು.

“ಇದು ನನ್ನದಲ್ಲ. ನನ್ನದೆಲ್ಲಿ?” ಎಂದು ಮಾಲೀಕರನ್ನು ಕೇಳಿದೆ.

“ಕಲರ್ ಮ್ಯಾಚ್ ಉಂಟಲ್ಲ ಮಾರಾಯ್ರೆ! ನಿಮ್ಮದನ್ನು ಬೇರೆ ಪಾರ್ಟಿಗೆ ಹಾಕಿ ಆಯ್ತು. ಅವರಿಗೆ ಅರ್ಜೆಂಟ್ ಇತ್ತು.”

“ನನ್ನನ್ನು ಕೇಳದೆ?”

“ಅವರು ಹೊರಗಿನ ಗಿರಾಕಿ, ಗಲಾಟೆ ಮಾಡ್ತಾರೆ. ನೀವು ನಮ್ಮವರು, ಅಡ್ಜಸ್ಟ್ ಮಾಡ್ತೀರಿ ಅಂತ...”

ಹಿಂದೊಮ್ಮೆ ರಾಜ್ಯೋತ್ಸವದ ವೇದಿಕೆಯಲ್ಲಿ ಇವರೇ “ಪರವೂರಿನಲ್ಲಿ ನಮ್ಮವರಿಗೆ ನಮ್ಮವರೇ ದಿಕ್ಕು” ಎಂದು ಭಾಷಣ ಮಾಡಿದ್ದರು. ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಭಾನುವಾರದ ಸಂಘದ ಸಭೆಯಲ್ಲಿ ಕಾರ್ಯದರ್ಶಿಗಳು ಎಲ್ಲರೆದುರು ಉತ್ತರಿಸಲಿ: ನಿಮ್ಮಲ್ಲಿ ಗಟ್ಟಿ ಬಂಪರ್ ಸಿಗಬೇಕಾದರೆ ನಾನೂ ಹೊರಗಿನವನಾಗಬೇಕೆ?