ನಳಿಗೆಯ ದನಿ ಕೇಳುವ ಹಾಜರಾಬಿ

ಬೆಳಗಿನ ಆರು ಗಂಟೆ. ಭದ್ರಾವತಿಯ ಓಲ್ಡ್ ಟೌನಿನ ಹೆಂಚಿನ ಮನೆಯಲ್ಲಿ ಹಾಜರಾಬಿ ಮಗಳು ಜೈನಾಬಿಗೆ ಜಡೆ ಹೆಣೆಯುತ್ತಿದ್ದಾರೆ. ಒಂದು ಮುಗಿದಿದೆ, ಇನ್ನೊಂದು ಅರ್ಧ. ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸುತ್ತದೆ. ಹೊಳೆಹೊನ್ನೂರಿನ ರೈತ ಲಿಂಗಪ್ಪ. ಜೊತೆಗೆ ತಮ್ಮ ಹಳೆಯ ಜೋಡುನಳಿಗೆ ಕೋವಿ ಮಾರಲು ಬಂದಿರುವ ಆಯನೂರಿನ ಮೂರ್ತಪ್ಪ.

"ಹಂದಿ ಕಾಟ ಹಾಜರಾಬಿ," ಎನ್ನುತ್ತಾರೆ ಲಿಂಗಪ್ಪ. "ಭತ್ತ ಹಾಲು ತುಂಬೋ ಹೊತ್ತು. ಅಂತೂ ಲೈಸೆನ್ಸ್ ಕೈಗೆ ಬಂತು. ಇವರು ಅರ್ಧ ಬೆಲೆಗೆ ಕೊಡ್ತಾರಂತೆ. ನೀವು ಹೂಂ ಅಂದ್ರೆ ಇವತ್ತೇ ತಗೋತೀನಿ."

ಜಡೆಯ ತುದಿಯನ್ನು ಮಗಳ ಕೈಗೇ ಕೊಟ್ಟು ಹಾಜರಾಬಿ ಏಳುತ್ತಾರೆ. ಕೋವಿಯ ಮರದ ಹಿಡಿ ಕಳಚಿ, ನಳಿಗೆಗಳನ್ನು ತೊಟ್ಟಿಲ ಕೊಂಡಿಗೆ ದಾರದಲ್ಲಿ ನೇತುಹಾಕಿ, ಕಣ್ಣು ಮುಚ್ಚಿ, ಮರದ ಸೌಟಿನಿಂದ ಒಮ್ಮೆ ಬಡಿಯುತ್ತಾರೆ.

"ಕೊಡ ಕೊಳ್ಳೋಕೆ ಬಂದಂಗಾಯ್ತಲ್ಲ ಮಾರಾಯ," ಎಂದು ಮೂರ್ತಪ್ಪ ಲಿಂಗಪ್ಪನವರತ್ತ ನಗುತ್ತಾರೆ.

"ಕೊಡ ಸೀಳಿದ್ರೆ ನೀರು ಹೋಗ್ತದೆ ಅಣ್ಣ. ಇದು ಸೀಳಿದ್ರೆ ಕಣ್ಣು ಹೋಗ್ತದೆ," ಎನ್ನುತ್ತಾರೆ ಹಾಜರಾಬಿ.

ಆ ಮಾತು ಸುಮ್ಮನೆ ಬಂದದ್ದಲ್ಲ. ಗಂಡ ಖಲಂದರ್ ಕೋವಿ ರಿಪೇರಿಯವರು. ಒಂಬತ್ತು ವರ್ಷದ ಹಿಂದೆ, ಸಾವಿರದ ಒಂಬೈನೂರ ಐವತ್ತಮೂರರಲ್ಲಿ, ಅಗ್ಗಕ್ಕೆ ಸಿಕ್ಕ ಕೋವಿಯೊಂದನ್ನು ಇದೇ ಕೊಂಡಿಗೆ ತೂಗಿಸಿ, ಗಿರಾಕಿಯೊಡನೆ ಹರಟುತ್ತಲೇ ಬಡಿದಿದ್ದರು. ದನಿ ಮೊಂಡಾಗಿತ್ತು. ಅದು ಒಲೆಯ ಮುಂದಿದ್ದ ಹಾಜರಾಬಿಯ ಕಿವಿಗೆ ಬಿದ್ದಿತ್ತು. ಗಂಡಸರ ಕೆಲಸ, ನನಗೇನು ಗೊತ್ತು ಎಂದು ಸುಮ್ಮನಾದರು. ಮೊದಲ ಗುಂಡಿಗೇ ನಳಿಗೆ ಸಿಡಿದು ಖಲಂದರ್ ಅವರ ಎಡಗಣ್ಣು ಹೋಯಿತು. ಅಂದಿನಿಂದ ತಿದ್ದುವುದು ಅವರು, ಕೇಳುವುದು ಇವರು. ವಾರಕ್ಕೆ ನಾಲ್ಕೈದು ಕೋವಿ ಬರುತ್ತವೆ. ಹಾಜರಾಬಿ ಹೂಂ ಎಂದ ಒಂದೂ ಇವತ್ತಿನವರೆಗೆ ಸಿಡಿದಿಲ್ಲ. ತಾವು ಮಾತ್ರ ಒಂದು ಗುಂಡನ್ನೂ ಹಾರಿಸಿದವರಲ್ಲ.

"ಒಳ್ಳೇ ನಳಿಗೆ ದನಿ ದೂರ ಹೋಗಿ ನಿಲ್ತದೆ. ಇದು ಅಲ್ಲೇ ಕೂತ್ಕೊಂಡ್ಬಿಡ್ತು," ಎನ್ನುತ್ತ ನಳಿಗೆಯನ್ನು ಬೆಳಕಿಗೆ ಹಿಡಿದು ಮೂರ್ತಪ್ಪನವರಿಗೇ ತೋರಿಸುತ್ತಾರೆ. ಬಲನಳಿಗೆಯ ಒಳಗೆ ತೆಳ್ಳನೆಯ ಕಪ್ಪು ಉಂಗುರ. "ಉಬ್ಬಿದೆ. ಯಾರೋ ಹೊರಗಡೆ ಉಜ್ಜಿಬಿಟ್ಟಿದ್ದಾರೆ, ಕಾಣಲ್ಲ."

ಮೂರ್ತಪ್ಪನವರ ನಗು ಆರುತ್ತದೆ. "ಹೋದ ವಾರ ಇದೇ ನಳಿಗೇಲಿ ಹೊಡೆದೆನಲ್ಲಮ್ಮ," ಎಂದವರು ಹೊಸ್ತಿಲ ಮೇಲೆ ಕುಕ್ಕರಿಸುತ್ತಾರೆ.

"ಹಂಗಾರೆ ನನ್ನ ಗದ್ದೆ?" ಎನ್ನುತ್ತಾರೆ ಲಿಂಗಪ್ಪ.

"ಶಿವಮೊಗ್ಗದಲ್ಲಿ ಕೋವಿ ಅಂಗಡಿ ಶ್ರೀನಿವಾಸಮೂರ್ತಿಗಳ ಹತ್ರ ಒಂದಿದೆ. ಹಿಡಿಗೆ ತಂತಿ ಸುತ್ತಿದ್ದಾರೆ, ನೋಡೋಕೆ ಚಂದ ಇಲ್ಲ ಅಂತ ಯಾರೂ ಕೇಳ್ತಿಲ್ಲ. ನಾನು ಬಡಿದು ನೋಡಿದ್ದೀನಿ, ಗಂಟೆ ಇದ್ದಂಗಿದೆ. ಹೊಳಪಿಗೆ ದುಡ್ಡು ಕೊಡಬೇಡಿ ಅಣ್ಣ, ದನಿಗೆ ಕೊಡಿ. ಹೋಗಿ, ಬಸ್ಸು ಸಿಗ್ತದೆ."

ಇಬ್ಬರೂ ಹೊರಡುತ್ತಾರೆ. ಹಾಜರಾಬಿ ಬಾಚಣಿಗೆ ಹುಡುಕಿಕೊಂಡು ಮತ್ತೆ ಕೂರುತ್ತಾರೆ. ಎಂಟು ವರ್ಷದ ಜೈನಾಬಿ ಜಡೆ ಬಿಟ್ಟುಕೊಡದೆ, ಒಳಗೆ ಚಹಾ ಕುಡಿಯುತ್ತಿರುವ ಅಪ್ಪನ ಮುಚ್ಚಿದ ಕಣ್ಣನ್ನೇ ನೋಡುತ್ತಾಳೆ. ಎಷ್ಟೋ ದಿನದಿಂದ ಬಾಯಿಗೆ ಬಂದು ಹಿಂದೆ ಹೋಗುತ್ತಿದ್ದ ಮಾತು ಇವತ್ತು ಹೊರಬೀಳುತ್ತದೆ.

"ಅಮ್ಮೀ, ಅಬ್ಬಾ ಆ ಕೋವಿ ಬಡಿದಾಗ ನೀನು ಎಲ್ಲಿದ್ದೆ?"