ಡೈನಮೊ ಬಿಚ್ಚುವ ಖಂಡಪ್ಪ

ವಿಜಾಪುರದ ತಿಕೋಟಾ ರಸ್ತೆಯ ತಗಡಿನ ಶೆಡ್ಡಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಖಂಡಪ್ಪ ವ್ಯಾನಿನ ಬಾನೆಟ್ಟು ಎತ್ತಿ ಮೊದಲು ಬ್ಯಾಟರಿಯ ತಂತಿ ಕಳಚುತ್ತಾರೆ. ಆಮೇಲೆ ಬ್ಯಾಟರಿಗೆ ವಿದ್ಯುತ್ ತುಂಬುವ ಡೈನಮೊದ ಬೋಲ್ಟು ಸಡಿಲಿಸಿ, ಅದನ್ನು ಎಂಜಿನ್ನಿನತ್ತ ಒತ್ತಿ, ಬೆಲ್ಟು ಜಾರಿಸುತ್ತಾರೆ. ಬಲಗೈಯಲ್ಲಿ ಎರಡು ಬೆರಳಿಲ್ಲ. ಭಾರ ಹೊರುವುದು ಎಡಗೈಯೇ.

ಘೋಣಸಗಿಯ ಕುರಿಗಾರರ ಮನೆಯಿಂದ ಬಂದು ಈ ಕೆಲಸ ಕಲಿತವರು. ಐವತ್ತೆಂಟನೇ ಇಸವಿಯಲ್ಲಿ ಹೀಗೇ ಡೈನಮೊ ಬಿಚ್ಚುತ್ತಿದ್ದಾಗ, ಕೆಲಸ ಮುಗಿಯಿತೆಂದುಕೊಂಡ ಡ್ರೈವರ್ ಗೊಲ್ಲಾಳಪ್ಪ ಎಂಜಿನ್ ಚಾಲೂ ಮಾಡಿದರು. ಬೆಲ್ಟು ಬೆರಳುಗಳನ್ನು ಎಳೆದುಕೊಂಡಿತು. ಆಗಿನ ಮಾಲಕ ಕೆಲಸ ಬಿಡಿಸಿದ. ಹೆಂಡತಿ ಸತ್ಯವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು ಮನೆ ನಡೆಸಿದರು.

"ರೊಟ್ಟಿ ಮುರಿಯಾಕೂ ಬರತಿರಲಿಲ್ಲರಿ. ಆಕೀನ ಮುರದು ಕೊಡತಿದ್ಲು," ಎನ್ನುತ್ತಾರೆ ಖಂಡಪ್ಪ.

ಬೋಲ್ಟು ತಿರುಗಿಸುವ ಪಾನಾವನ್ನು ಎಡಗೈಯಲ್ಲಿ ಹಿಡಿಯುವುದನ್ನು ಮೊದಲಿನಿಂದ ಕಲಿತು, ಈ ಶೆಡ್ಡು ಹಾಕಿದರು. ಗೊಲ್ಲಾಳಪ್ಪ ಮಾತ್ರ ಮುಖ ತೋರಿಸಲಾರದೆ ದೂರವೇ ಉಳಿದರು.

ಹೋದ ವರ್ಷ ಶ್ರಾವಣದ ಒಂದು ಮುಂಜಾನೆ ಇಟ್ಟಂಗಿಹಾಳದ ರೈತರೊಬ್ಬರು ಸೈಕಲ್ಲಿನಲ್ಲಿ ಬಂದು ಇವರನ್ನು ಕರೆದೊಯ್ದರು. ಇಟ್ಟಂಗಿಹಾಳದ ಹೊರಗೆ, ವಿಜಾಪುರದ ದವಾಖಾನೆಗೆ ಹೊರಟಿದ್ದ ವ್ಯಾನು ಕೆಟ್ಟು ನಿಂತಿತ್ತು. ಒಳಗೆ ಹೆರಿಗೆ ನೋವಿನಲ್ಲಿ ತಿಕೋಟಾದ ಹಸೀನಾ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಾಯಿ ಪೀರಾಂಬಿ. ಡೈನಮೊ ತಿರುಗದೆ ಬಿಗಿದು, ಬೆಲ್ಟು ಹರಿದು, ಎಂಜಿನ್ನು ಕಾದು ಹೋಗಿತ್ತು. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ಡ್ರೈವರ್ ಗೊಲ್ಲಾಳಪ್ಪ.

ಖಂಡಪ್ಪ ಬಾನೆಟ್ಟು ಎತ್ತಿದರು. ಡೈನಮೊ ಬಿಚ್ಚಿ ಕೆಳಗಿಟ್ಟರು. ಹಗಲು ಹೊತ್ತು, ದೀಪ ಬೇಡ; ವಿಜಾಪುರ ಸೇರುವಷ್ಟಕ್ಕೆ ಬ್ಯಾಟರಿ ಸಾಕು. ಆದರೆ ನೀರು ತಿರುಗಿಸಿ ಎಂಜಿನ್ ತಣಿಸುವ ಪಂಪಿಗೆ ಬೆಲ್ಟು ಬೇಕೇ ಬೇಕು. ಪಕ್ಕದ ಹೊಲದಲ್ಲಿದ್ದ ಆ ರೈತರ ಚಕ್ಕಡಿಯಿಂದ ನೊಗ ಕಟ್ಟುವ ತೊಗಲಿನ ಮಿಣಿ ಕತ್ತರಿಸಿ, ಅಳತೆಗೆ ಹೊಲಿದು, ಪಂಪಿನ ಗಾಲಿಗೆ ಹಚ್ಚಿದರು. ಬಿಗಿಯಾದ ಮಿಣಿ ಕೂರಬೇಕಾದರೆ ಒಬ್ಬರು ಬೆರಳಿನಿಂದ ಒತ್ತಬೇಕು, ಇನ್ನೊಬ್ಬರು ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಬೇಕು.

ಗೊಲ್ಲಾಳಪ್ಪ ಹಿಂದೆ ಸರಿದರು. "ನನ್ನ ಕೈಲೆ ಆಗೂದಿಲ್ಲ ಖಂಡಪ್ಪ. ಬ್ಯಾರೇದವರಿಗೆ ಹೇಳು."

"ಈ ಗಾಡಿ ನಿನಗ ಗೊತ್ತೈತಿ. ನಾ ಅಂದಾಗ ತಿರುಗಸು, ಸಾಕಂದಾಗ ನಿಂದರಸು," ಎಂದು ಖಂಡಪ್ಪ ಉಳಿದ ಬೆರಳುಗಳನ್ನು ಮಿಣಿಯ ಮೇಲಿಟ್ಟರು.

ಗೊಲ್ಲಾಳಪ್ಪ ಮುಂದೆ ಬಂದು ಹ್ಯಾಂಡಲ್ ಹಿಡಿದರು. ಅಂದಾಗ ತಿರುಗಿಸಿ, ಸಾಕೆಂದಾಗ ನಿಲ್ಲಿಸಿದರು. ಮಿಣಿ ಗಾಲಿಯಲ್ಲಿ ಕೂತಿತು. ಅಷ್ಟರಲ್ಲಿ ತಣಿದಿದ್ದ ಎಂಜಿನ್ನಿಗೆ ನೀರು ತುಂಬಿ ಹೊರಟರು. ದಾರಿಯುದ್ದಕ್ಕೂ ಖಂಡಪ್ಪ ಗೊಲ್ಲಾಳಪ್ಪನವರ ಪಕ್ಕದಲ್ಲೇ ಕೂತಿದ್ದರು. ಮಧ್ಯಾಹ್ನದೊಳಗೆ ದವಾಖಾನೆಯಲ್ಲಿ ಹಸೀನಾ ಹೆಣ್ಣು ಹೆತ್ತಳು.

ಆ ದಿನದ ಬಗ್ಗೆ ಕೇಳಿದರೆ ಖಂಡಪ್ಪ ಕೈ ಒರೆಸಿಕೊಳ್ಳುತ್ತ ಹೇಳುತ್ತಾರೆ:

"ಮುಂದ ಹಸೀನಾ ಕೂಸಿನ್ನ ಎತಗೊಂಡು ದವಾಖಾನಿ ಮೆಟ್ಟಲಾ ಇಳದ್ಲರಿ. ನಾನೂ ಗೊಲ್ಲಾಳಪ್ಪನೂ ಒಂದ ಕಡೆ ನಿಂತು ನೋಡಿದಿವ್ರಿ."