ಜಿನ್ನನ ತೋಳಿಗೆ ಇಮಾಮ್ ಜಾಮಿನ್

ಐದು ಪುಸ್ತಕಗಳಲ್ಲಿ ಹರಡಿಕೊಂಡ ನನ್ನ ತಮಾಷೆಯ ಮಾಯಾಕಥೆಗೆ ನಾಯಕ ಒಬ್ಬ ಜಿನ್. ಶಿವಾಜಿನಗರದ ಸೋಫಾ ರಿಪೇರಿ ಅಂಗಡಿಯ ಅಟ್ಟದಲ್ಲಿ ಬಾಡಿಗೆಗಿದ್ದಾನೆ. ಹಾರಲು ಹೋದರೆ ಕೇಬಲ್ ವೈರ್‌ಗೆ ಸಿಕ್ಕಿಕೊಳ್ಳುತ್ತಾನೆ, ಹಾಗಾಗಿ ಬಸ್ಸಿನಲ್ಲೇ ಓಡಾಟ. ವರ ಕೊಡುವುದೇನೋ ನಿಜ, ಆದರೆ ಅವನು ಮಾರತ್ತಹಳ್ಳಿ ಜಂಕ್ಷನ್ ದಾಟಿ ಬರುವಷ್ಟರಲ್ಲಿ ಏನು ಕೇಳಿದ್ದೆವೆಂದು ಕೇಳಿದವರಿಗೇ ಮರೆತಿರುತ್ತದೆ. ಓದುಗರು ಅವನನ್ನು ತಲೆ ಮೇಲೆ ಹೊತ್ತುಕೊಂಡರು. ನಮ್ಮ ಮನೆಯಲ್ಲಿ ಮಾತ್ರ ಅವನ ಸುದ್ದಿ ಎತ್ತುವಂತಿರಲಿಲ್ಲ.

ಅಮ್ಮಿಗೆ, ಅಂದರೆ ನನ್ನ ತಾಯಿಗೆ, ಜಿನ್ ಎಂದರೆ ತಮಾಷೆಯ ವಿಷಯವಲ್ಲ. ಆ ಪದವನ್ನೇ ಆಡುವುದಿಲ್ಲ. ‘ಅವರು’ ಎನ್ನುತ್ತಾರೆ, ಅದೂ ದನಿ ತಗ್ಗಿಸಿ. ಮನೆಗೆ ಬಂದವರಿಗೆಲ್ಲ ನನ್ನನ್ನು ಬ್ಯಾಂಕಿನಲ್ಲಿರುವ ಮಗಳೆಂದೇ ಪರಿಚಯಿಸುತ್ತಿದ್ದರು. ಯಾರಾದರೂ ಪುಸ್ತಕದ ಮಾತು ತೆಗೆದರೆ ಚಹಾ ಮಾಡಲು ಎದ್ದುಬಿಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಊರೆಲ್ಲ ಮೆಚ್ಚಿ ಇವರೊಬ್ಬರು ಮೆಚ್ಚದಿದ್ದರೆ ಬರೆದು ಏನು ಬಂತು?

ನಾನು ಬರೆಯುವುದು ಕನ್ನಡದಲ್ಲಿ, ಪರೀಕ್ಷೆ ಮಾಡುವುದು ಮನೆಮಾತು ದಖನಿಯಲ್ಲಿ. ಬರೆದದ್ದನ್ನು ಹಾಗೇ ತಿರುಗಿಸುತ್ತಾ ಗಟ್ಟಿಯಾಗಿ ಓದುತ್ತೇನೆ. ಅಲ್ಲೂ ನಗು ಬಂದರೆ ಉಳಿಸುತ್ತೇನೆ. ಒಂದು ಮಧ್ಯಾಹ್ನ ಕೊನೆಯ ಪುಸ್ತಕದ ಕೊನೆಯ ಅಧ್ಯಾಯವನ್ನು ಹಾಲ್‌ನಲ್ಲಿ ಕೂತು ಹೀಗೇ ಓದುತ್ತಿದ್ದೆ. ಜಿನ್ ಊರು ಬಿಡುತ್ತಾನೆ, ಕೆ.ಆರ್. ಪುರದಲ್ಲಿ ರೈಲು ಹತ್ತುತ್ತಾನೆ, ಕಥೆ ಮುಗಿಯಿತು. ಸಪ್ಪೆಯಾಗಿದೆ ಎಂದು ನನಗೇ ಗೊತ್ತಿತ್ತು. ಬೇರೇನೂ ಹೊಳೆದಿರಲಿಲ್ಲ.

ಬೆಳ್ಳುಳ್ಳಿ ಸುಲಿಯುತ್ತಲೇ ಅಮ್ಮಿ ಅಡುಗೆಮನೆಯಿಂದ ಹೊರಬಂದರು.

“ಹಂಗೇ ಕಳಿಸ್ಬಿಟ್ಯಾ?”

“ಯಾರನ್ನ ಅಮ್ಮಿ?”

“ಅವರನ್ನ! ಇಮಾಮ್ ಜಾಮಿನ್ ಕಟ್ಟಿಲ್ವಲ್ಲ! ಮೈಸೂರಿಗೆ ಹೋಗೋ ಪಕ್ಕದ್ಮನೆಯವರಿಗೂ ಕಟ್ಟಿ ಕಳಿಸ್ತೀವಿ. ಇವರಿಗೇನು ಹೇಳೋರು ಕೇಳೋರು ಯಾರೂ ಇಲ್ವಾ?”

ದೂರ ಹೊರಟವರು ಕ್ಷೇಮವಾಗಿರಲೆಂದು ಹಸಿರು ಬಟ್ಟೆಯಲ್ಲಿ ನಾಣ್ಯ ಸುತ್ತಿ ತೋಳಿಗೆ ಕಟ್ಟುವುದು ನಮ್ಮಲ್ಲಿ ಪದ್ಧತಿ. ಅದೇ ಇಮಾಮ್ ಜಾಮಿನ್. ಆದರೆ ನಾನು ಬಾಯಿ ಬಿಟ್ಟುಕೊಂಡು ಕೂತದ್ದು ಅದಕ್ಕಲ್ಲ. ಅಂದರೆ ಐದೂ ಪುಸ್ತಕಗಳನ್ನು ಅಮ್ಮಿ ಅಡುಗೆಮನೆಯಲ್ಲಿ ನಿಂತೇ ಕೇಳಿಸಿಕೊಂಡಿದ್ದರು.

“ಅವನ ತೋಳು ಬರೀ ಹೊಗೆ ಅಮ್ಮಿ. ಎಲ್ಲಿ ಕಟ್ಟೋದು?”

“ಅದು ನಿನ್ನ ತಲೆನೋವು” ಎಂದು ಒಳಗೆ ಹೋದರು.

ಅಧ್ಯಾಯವನ್ನು ಹೊಸದಾಗಿ ಬರೆದೆ. ಗಲ್ಲಿಗೆ ಗಲ್ಲಿಯೇ ಪ್ಲಾಟ್‌ಫಾರಂಗೆ ಬರುತ್ತದೆ. ಸೋಫಾ ಅಂಗಡಿಯವನ ತಾಯಿ ಹಸಿರು ಬಟ್ಟೆ ಕಟ್ಟುತ್ತಾಳೆ, ಜಾರಿ ಬೀಳುತ್ತದೆ. ಬೈದುಕೊಂಡು ಮತ್ತೆ ಕಟ್ಟುತ್ತಾಳೆ, ಮತ್ತೆ ಜಾರುತ್ತದೆ. ಟಿಕೆಟ್ ಕಲೆಕ್ಟರ್ ಕೂಡ ಒಂದು ಕೈ ಹಾಕುತ್ತಾನೆ. ರೈಲು ಕದಲುವಾಗ, ಯಾವತ್ತೂ ಹೊತ್ತಿಗೆ ಸರಿಯಾಗಿ ಮಾಯೆ ಮಾಡದ ಜಿನ್ ಅವತ್ತು ಒಂದೇ ಸಲ ಮಾಡುತ್ತಾನೆ. ಗಂಟು ಬೀಳುವಷ್ಟು ಹೊತ್ತು ಅವನಿಗೆ ಮನುಷ್ಯರ ತೋಳು ಬರುತ್ತದೆ.

ಇಂದಿರಾನಗರದ ಪುಸ್ತಕದಂಗಡಿಯಲ್ಲಿ ಬಿಡುಗಡೆಯ ದಿನ ಇದನ್ನೇ ಓದಿದೆ. ಜನ ಬಿದ್ದು ಬಿದ್ದು ನಕ್ಕರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡು ಕೇಳಿದಳು: “ಮೇಡಂ, ತೋಳಿಗೆ ಕಟ್ಟೋ ಐಡಿಯಾ ನಿಮಗೆ ಹೇಗೆ ಬಂತು?”

ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಅಮ್ಮಿ ಬುರ್ಖಾ ಸರಿಮಾಡಿಕೊಂಡು ಎದ್ದು ನಿಂತರು. ರಸೆಲ್ ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುವ ತಮ್ಮ ಕನ್ನಡದಲ್ಲಿ, ಮೈಕ್ ಬೇಡದಷ್ಟು ಗಟ್ಟಿಯಾಗಿ ಹೇಳಿದರು:

“ಅದು ನಾನ್ ಹೇಳಿದ್ದು. ಜಿನ್ ನಮ್ ಮನೆದು.”